ಸೂಜಿ ಹಿಡಿಯಾಕ ಬರದಿದ್ರೂ ಕೂಸಿನ ಖೋಲಿ ಸಿಂಗಾರ ಮಾಡಬಹುದೇನ್ರಿ?

ಪ್ರಶ್ನೆ: ಅಕ್ಕಾರ ನಮಸ್ಕಾರ. ನಾನು ಬಾಗಲಕೋಟಿ ನವನಗರಕ್ಕ ತವರಮನಿಗೆ ಬಂದೀನ್ರಿ, ಎಂಟ ತಿಂಗಳ ನಡದೈತಿ, ಚೊಚ್ಚಲ ಕೂಸು. ಬಾಡಿಗಿ ಮನಿ, ಗ್ವಾಡಿಗೆ ಮೊಳಿ ಹೊಡಿಬ್ಯಾಡ್ರಿ ಅಂದಾರ ಓನರ್. ಹತ್ತ ಬೈ ಹತ್ತರದು ಒಂದ ಖೋಲಿ ಕೂಸಿಗಂತ ತಗದ ಇಟ್ಟೀವಿ. ನನಗ ಹೊಲಿಗಿ ಬರೂದಿಲ್ಲ, ಮನ್ಯಾಗ ಮಷೀನೂ ಇಲ್ಲ. ಅಜ್ಜಿದು ಒಂದು ಹಳೇ ಇಳಕಲ್ ಸೀರಿ ಐತಿ, ಮೈ ಅಲ್ಲಲ್ಲಿ ಹರದೈತಿ ಆದ್ರ ಸೆರಗು ಗಟ್ಟಿ ಐತಿ. ಜಂಪರ ಹೊಲಿಸಿ ಉಳಿದ ಖಣದ ತುಂಡು ನಾಕೈದು, ನಮ್ಮನಿಯವರ ಹಳೇ ಟೀ ಶರ್ಟು ಒಂದಿಷ್ಟು ಅದಾವ. ಹೊಲಿಗಿ ಹಾಕದ, ಅಂಟ ಹಚ್ಚಿ ಏನಾರ ಮಾಡಬಹುದಾ? ಗ್ವಾಡಿಗೆ ಒಂದು, ತೊಟ್ಟಲದ ಮ್ಯಾಲ ತೂಗಾಡೂದು ಒಂದು, ತೊಟ್ಟಲದ ಒಳಗ ಸುತ್ತ ಕಟ್ಟೂ ಮೆತ್ತಂದು ಒಂದು ಬೇಕ ಅಂತ ಆಸೆ. ಕೌದಿನೂ ಅಂಟ ಹಚ್ಚೇ ಮಾಡಾಕ ಬರತೈತೇನ್ರಿ?

ಉತ್ತರ:

ಮಾಡಬಹುದ್ರಿ, ಚಲೋತ್ನಂಗ ಮಾಡಬಹುದು. ಆದ್ರ ನಿಮ್ಮ ಪ್ರಶ್ನೆದಾಗ ಅಂಟು ಅನ್ನೂದು ಎರಡ ಸಲ ಬಂದೈತಿ ನೋಡ್ರಿ, ನಾ ಮೊದಲ ಅಲ್ಲೇ ನಿಮ್ಮ ಕೈ ಹಿಡಿತೀನಿ. ಹೊಲಿಗಿ ಬರೂದಿಲ್ಲ ಅಂದ್ರ ಅಂಟು ಅಂತ ಎಲ್ಲಾರೂ ತಿಳ್ಕೊಂಡಾರ, ಆದ್ರ ಸೂಜಿಗಿಂತ ಮೊದಲ ನಮ್ಮ ಮಂದಿಗೆ ಗೊತ್ತಿದ್ದದ್ದು ಗಂಟು. ಕೂಸಿನ ಖೋಲಿಗೆ ಅಂಟಿಗಿಂತ ಗಂಟು ಚಲೋ. ಗಂಟು ಬಿಚ್ಚಬಹುದು, ಬಿಚ್ಚಿ ಒಗೀಬಹುದು, ಬಿಸಲಿಗೆ ಹಾಕಿ ಮತ್ತ ಕಟ್ಟಬಹುದು. ಅಂಟ ಹಚ್ಚಿದ್ದು ಮ್ಯಾಲಿಂದ ಮ್ಯಾಲ ಒಗಿಯಾಕ ಆಗೂದಿಲ್ಲ, ಧೂಳ ಹಿಡದ ಕುಂದರತೈತಿ, ಆ ಧೂಳಿನ ಕೆಳಗ ಕೂಸು ಮಲಗಿರತೈತಿ.

ಬೆಳಗಾವಿ ಟಿಳಕವಾಡಿಯೊಳಗ ನಮ್ಮ ಮನಿ ವರಾಂಡಾದಾಗ ಭಾಳ ವರ್ಷದಿಂದ ಹೆಣ್ಮಕ್ಕಳಿಗೆ ಅರಿವಿ ಕೆಲಸ ಕಲಸ್ತೀನ್ರಿ, ಮೊದಮೊದಲ ನಾನೂ ಎಲ್ಲಾದಕ್ಕೂ ಗ್ಲೂ ಗನ್ನೇ ಹಿಡಿತಿದ್ದೆ. ವಿಜಯಪುರದಾಗ ನಮ್ಮ ತಂಗಿದು ಬಾಣಂತನ ಇದ್ದಾಗ ತೊಟ್ಟಲದ ಮ್ಯಾಲ ತೂಗಾಕಂತ ಒಂದು ಝೂಮರ ಮಾಡಿಕೊಂಡ ಹೋಗಿದ್ದೆ, ಖಣದ ತುಂಡಿನ ಗಿಳಿ, ಗಿಳಿ ಹೊಟ್ಟಿ ಮ್ಯಾಲ ಸಣ್ಣ ಸಣ್ಣ ಕನ್ನಡಿ, ಕೆಳಗ ಮಣಿ, ಎಲ್ಲಾ ಗ್ಲೂ ಗನ್ನಿಂದ ಕುಂದರಿಸಿದ್ದು. ಮೇ ತಿಂಗಳು, ಮ್ಯಾಲ ತಗಡು, ಆ ಊರಿನ ಬಿಸಲ ನಿಮಗ ಗೊತ್ತ ಐತಿ. ಮೂರನೇ ದಿನ ಮಧ್ಯಾಹ್ನ ಕೂಸಿನ್ನ ಎತ್ತಾಕ ಹೋದಾಕಿ ನೋಡ್ತೀನಿ, ಅದರ ಗಲ್ಲದ ಬಾಜು, ಬಟ್ಟಿನ ಅಗಲದ ಕನ್ನಡಿ ಒಂದು ಬಿದ್ದಿತ್ತು. ಹಿಂದ ಅಂಟು ಇನ್ನೂ ಮೆತ್ತಗಿತ್ತು, ಮುಟ್ಟಿದ್ರ ಬೆರಳಿಗೆ ಎಳಿ ಎಳಿ ಬರ್ತಿತ್ತು. ಗ್ಲೂ ಗನ್ನಿನ ಕಡ್ಡಿ ಬಿಸಿಗೆ ಕರಗೂ ಪ್ಲಾಸ್ಟಿಕ್ಕ ನೋಡ್ರಿ, ಕರಗಿಸಿ ಅಂಟಿಸೋದು ಅದರ ಕೆಲಸ, ಬಿಸಿ ಹತ್ತಿದ್ರ ತಿರಗಿ ಮೆತ್ತಗಾಗೂದೂ ಅದರ ಗುಣ. ಕೂಸಿಗೆ ಏನೂ ಆಗಲಿಲ್ಲ, ದೇವರ ದಯಾ. ಅವತ್ತ ಸಂಜಿಗೇ ಝೂಮರ ಇಳಿಸಿದೆ. ಅಲ್ಲಿಂದ ಕೂಸಿನ ಖೋಲಿಗೆ ಮಣಿ, ಕನ್ನಡಿ, ಗುಂಡಿ, ಟಿಕಳಿ, ಗೆಜ್ಜಿ, ಯಾವದೂ ನಾ ಹಚ್ಚಿಲ್ಲ, ಕಲಿಯಾಕ ಬಂದಾವರಿಗೂ ಹಚ್ಚಗೊಡೂದಿಲ್ಲ. ಒಂದೂ ಕಾಲ ಇಂಚಿಗಿಂತ ಸಣ್ಣದು ಯಾವದಾದ್ರೂ ಕೂಸಿನ ಗಂಟಲದಾಗ ಸಿಗಬಹುದು ಅಂತ ಆಟಿಗಿ ಮಾಡಾವರು ಲೆಕ್ಕಾ ಇಟ್ಟಾರ, ನಾವೂ ಅದನ್ನ ಇಡೂಣು.

ಈಗ ನಿಮ್ಮ ಅಜ್ಜಿ ಸೀರಿಗೆ ಬರ್ತೀನಿ, ಅದನ್ನ ಓದಿದ ಕೂಡಲೇ ನನ್ನ ಮನಸು ಅಲ್ಲೇ ನಿಂತಿತು. ಇಳಕಲ್ ಸೆರಗು ಕೆಂಪು, ಮ್ಯಾಲ ಬಿಳೀದು ಗೋಪುರ ಗೋಪುರದಂಗ, ಹಣಗಿ ಹಲ್ಲಿನಂಗ ಹೋಗಿರತಾವಲ್ರಿ, ಟೋಪಿ ತೆನಿ ಅಂತೀವಿ, ಜ್ವಾಳದ ತೆನಿ ಲೆಕ್ಕ. ಅಂಗಡ್ಯಾಗ ಕೂಸಿನ ಸಾಮಾನ ಅಂದ್ರ ಎಲ್ಲಾ ತೆಳು ಗುಲಾಬಿ, ತೆಳು ನೀಲಿ. ಆಗತಾನ ಹುಟ್ಟಿದ ಕೂಸಿಗೆ ಅದು ಅಷ್ಟ ಎದ್ದ ಕಾಣೂದಿಲ್ರಿ. ಮೊದಲ ವಾರಗಳೊಳಗ ಅದರ ಕಣ್ಣು ಹೆಚ್ಚಂದ್ರ 20ರಿಂದ 30 ಸೆಂಟಿಮೀಟರ್ ದೂರದ್ದನ್ನ ಚಲೋ ನೋಡತೈತಿ, ಹಾಲ ಕುಡಿಸುವಾಗ ನಿಮ್ಮ ಮಾರಿ ಎಷ್ಟ ದೂರ ಇರತೈತಿ ಅಷ್ಟ. ಅದೂ ಕಪ್ಪು ಬಿಳುಪು, ಕೆಂಪು ಬಿಳುಪು, ಹಿಂಗ ಎದ್ದ ಕಾಣೂದು ಬೇಕು. ನಿಮ್ಮ ಅಜ್ಜಿ ಸೆರಗಿಗಿಂತ ಚಲೋದು ಯಾವ ಅಂಗಡ್ಯಾಗೂ ಸಿಗೂದಿಲ್ಲ. ಗ್ವಾಡಿ ಮ್ಯಾಲ ಹಾಕಿದ್ದು ಶುರುವಿಗೆ ಕೂಸಿಗಿಂತ ನಿಮಗ ಹೆಚ್ಚ, ರಾತ್ರಿ ಎರಡಕ್ಕ ಎದ್ದು ಹಾಲ ಕುಡಿಸಾಕ ಕುಂತಾಗ ಎದುರಿಗೆ ಅಜ್ಜಿ ಸೆರಗು ಇರಬೇಕು. ಎರಡ ಮೂರ ತಿಂಗಳಾದ ಮ್ಯಾಲ ಅದನ್ನ ಕೂಸೂ ಹುಡುಕಿ ನೋಡಾಕ ಹತ್ತತೈತಿ.

ಸೆರಗು ಕತ್ತರಿಸುವಾಗ ಒಂದು ಎಚ್ಚರ. ಇಳಕಲ್ ಸೀರ್ಯಾಗ ಮೈ ಹಾಸು, ಅಂದ್ರ ಉದ್ದಕ್ಕ ಹೋಗೂ ಎಳಿ, ಬ್ಯಾರೆ, ಸೆರಗಿನ ಹಾಸು ಬ್ಯಾರೆ, ಎರಡರ ಎಳಿನೂ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸಿರತಾರ, ಅದಕ್ಕೇ ಕೊಂಡಿ ಸೀರಿ ಅನ್ನೂದು. ಆ ಕೊಂಡಿ ಸಾಲಿನ ಹತ್ತಿರ ಕತ್ರಿ ಆಡಿಸಿದ್ರ ಕೊಂಡಿ ಬಿಚ್ಚಿ ಎಳಿ ಜಾರತಾವ. ಅದಕ್ಕ ಸೆರಗಿನ ಜೋಡಿ ಮೈದೂ ಒಂದ ಗೇಣು ಬಿಟ್ಟ ಕತ್ತರಿಸ್ರಿ. ಆ ಗೇಣು ಅರಿವಿನೇ ನಿಮಗ ಮ್ಯಾಲಿನ ಮಡಿಕಿ ಆಗತೈತಿ. ಬಿದರಿಂದೋ ಹಳೇ ಪರದೆದೋ ಒಂದ ಬಡಗಿ ತಗೊಂಡು ಅದರ ಮ್ಯಾಲಿಂದ ಆ ಗೇಣು ಅರಿವಿ ಹಿಂದಕ್ಕ ಇಳಿಬಿಟ್ಟು, ಪರದೆಗೆ ಹಾಕೂ ಕ್ಲಿಪ್ಪಿನ ರಿಂಗು ಸಿಗತಾವಲ್ಲ, ಅದನ್ನ ಆರೇಳು ಹಿಡಿಸಿದ್ರ ಆತು, ಮುಂದಿಂದೂ ಹಿಂದಿಂದೂ ಎರಡೂ ಪದರ ಕ್ಲಿಪ್ಪಿನ ಬಾಯಾಗ ಬರಬೇಕು. ಕ್ಲಿಪ್ಪು ಕಾಣಬಾರದು ಅಂದ್ರ ಇಸ್ತ್ರಿ ಟೇಪ್ ಅಂತ ಟೇಲರಿಂಗ್ ಸಾಮಾನ ಅಂಗಡ್ಯಾಗ ಕೇಳ್ರಿ, ಎರಡ ಅರಿವಿ ನಡುವ ಇಟ್ಟು ಇಸ್ತ್ರಿ ಪೆಟಿಗಿ ಒತ್ತಿದ್ರ ಕರಗಿ ಹಿಡಕೋತೈತಿ. ಒತ್ತಬೇಕು, ಜಗ್ಗಬಾರದು, ಇಸ್ತ್ರಿ ಎಳದಾಡಿದ್ರ ಟೇಪು ಸೊಟ್ಟ ಆಗತೈತಿ, ಒಂದ ಜಾಗದಾಗ ಹತ್ತ ಎಣಸ್ರಿ, ಎತ್ರಿ, ಮುಂದಿಂದಕ್ಕ ಹೋಗ್ರಿ. ಗ್ವಾಡಿ ಮ್ಯಾಲಿನ ಕೆಲಸಕ್ಕ ಅಂಟು ಅಂದ್ರ ನಾ ಒಪ್ಪೂದು ಈ ಟೇಪು, ಮತ್ತ ಅರಿವಿಗಂತನೇ ಬರೂ ಫ್ಯಾಬ್ರಿಕ್ ಗ್ಲೂ, ಅದೂ ಕೂಸಿನ ಕೈ ಮುಟ್ಟದಲ್ಲೆ.

ಇಸ್ತ್ರಿ ಮಾಡೂಕಿಂತ ಮೊದಲ ಒಂದ ಎಳಿ ಕಿತ್ತು ಸುಟ್ಟ ನೋಡ್ರಿ, ಬಚ್ಚಲದಾಗ, ಚಿಮಟಿಗೆಲೆ ಹಿಡದು. ಹತ್ತಿ ಇದ್ರ ಕಾಗದದಂಗ ಉರದು ಬೂದಿ ಆಗತೈತಿ, ಪಾಲಿಸ್ಟರ್ ಇದ್ರ ಮುದ್ದಿ ಆಗಿ ಕರ್ರಗ ಗಟ್ಟಿ ಗುಂಡ ಆಗತೈತಿ. ಗುಂಡ ಆದ್ರ ಇಸ್ತ್ರಿ ಕಡಿಮಿ ಬಿಸಿ ಇಟ್ಟು ಮ್ಯಾಲ ಹಸಿ ಅರಿವಿ ಹಾಕಿ ಒತ್ತ್ರಿ. ಹಳೇ ಇಳಕಲ್ ಅಂದ್ರ ಮೈ ಹತ್ತಿ, ಸೆರಗು ರೇಷ್ಮಿ ಇಲ್ಲಾ ಚಮಕ ಎಳಿ ಇರೂದೇ ಹೆಚ್ಚ, ಅದಕ್ಕೂ ಬಿಸಿ ಕಡಿಮಿನೇ. ಮತ್ತ ಬಣ್ಣ. ಕೆಂಪು ಬಿಟ್ಟ ಬಿಡತೈತಿ ಅಂತ ಹೆದರಿಕಿ ಇರತೈತಿ, ಅದಕ್ಕ ಹಳೇ ಬಿಳೀ ಅರಿವಿ ತೊಯ್ಸಿ ಸೆರಗಿನ ಮೂಲಿ ಮ್ಯಾಲ ಇಟ್ಟು ಒತ್ತಿ ನೋಡ್ರಿ, ಕೆಂಪು ಹತ್ತಿದ್ರ ಆ ಸೆರಗು ಗ್ವಾಡಿಗೆ ಮಾತ್ರ, ಕೂಸಿನ ಬಾಯಿ ಹೋಗೂ ಯಾವ ಕೆಲಸಕ್ಕೂ ಬ್ಯಾಡ. ಉಳಿದ ಎಲ್ಲಾ ಅರಿವಿನೂ ಮೊದಲ ಒಗದು ಒಣಗಿಸಿ ಆಮ್ಯಾಲ ಕತ್ರಿ ಹಿಡೀರಿ. ಹೊಸ ಹತ್ತಿ ಒಗದ ಮ್ಯಾಲ ಕುಗ್ಗತೈತಿ, ಗಂಜಿನೂ ಹೋಗತೈತಿ.

ಮೊಳಿ ಹೊಡಿಯಂಗಿಲ್ಲ ಅಂದ್ರಿ. ಅಂಟಿಸೂ ಹುಕ್ಕು ಬರತಾವ, ಆದ್ರ ಗ್ವಾಡಿಗೆ ಸುಣ್ಣ ಇಲ್ಲಾ ಸಾದಾ ಡಿಸ್ಟೆಂಪರ್ ಇದ್ರ ಹುಕ್ಕಿನ ಜೋಡಿ ಬಣ್ಣದ ಹೆಕ್ಕಳಿ ಕಿತ್ಕೊಂಡ ಬರತೈತಿ, ಓನರ್ ಕಡಿಂದ ಬೈಸ್ಕೊಳ್ಳೂದು. ಅದಕ್ಕ ಮೊದಲ ಖೋಲ್ಯಾಗ ಏನೇನ ಐತಿ ನೋಡ್ರಿ, ಕಿಡಕಿ ಸರಳು, ಪರದೆ ರಾಡು, ಹಳೇ ಕ್ಯಾಲೆಂಡರ್ ಮೊಳಿ, ಹಳೇ ಮನಿ ಇದ್ರ ಗಿಳಿಗೂಟ, ಜಂತಿ. ಒಂದ ಪರದೆ ರಾಡ್ ಸಿಕ್ರ ಅಲ್ಲಿಂದ ಹಗ್ಗ ಇಳಿಸಿ ಬಡಗಿ ತೂಗಬಹುದು. ಗೋದ್ರೇಜ್ ಕಪಾಟದ ನೆತ್ತಿ ಮ್ಯಾಲೂ ಬಡಗಿ ಕಟ್ಟಬಹುದು.

ಕೆಲವರು ಗಂಜಿ ಹಚ್ಚಿ ಅರಿವಿನ್ನ ಗ್ವಾಡಿಗೇ ಅಂಟಿಸೂದು ಹೇಳತಾರ, ಕಾರ್ನ್‌ಫ್ಲೋರ್ ಗಂಜಿ ಕಾಸಿ ಹಚ್ಚಿದ್ರ ಕುಂದರತೈತಿ, ನೀರ ಹಚ್ಚಿದ್ರ ಬಿಡತೈತಿ, ಬಾಡಿಗಿ ಮನಿಗೆ ಚಲೋ ಅಂತ. ಒಣಾ ಊರಿಗೆ ಅದು ಖರೇ. ನಮ್ಮ ಬೆಳಗಾವಿ ಮಳಿಗಾಲದಾಗ ಮಾಡಿದ್ರ ಹದಿನೈದ ದಿನಕ್ಕ ಹಿಂದ ಬೂಸ್ಟು ಹಿಡಿತೈತಿ, ಗಂಜಿ ವಾಸನಿಗೆ ಜೊಂಡಿಗ ಬರತಾವ. ಮೊದಲ ಮಂದಿ ಹುಳಾ ಬರಬಾರದಂತ ಗಂಜ್ಯಾಗ ಮೈಲುತುತ್ತ ಹಾಕ್ತಿದ್ರು, ಅದು ವಿಷ, ಕೂಸಿನ ಖೋಲ್ಯಾಗ ಆ ಹೆಸರೂ ಬ್ಯಾಡ.

ಖಣದ ತುಂಡಿಗೆ ಕಸೂತಿ ರಿಂಗಿಗಿಂತ ಸುಲಭದ್ದು ಇಲ್ರಿ. ಆರ ಇಂಚಿಂದು, ಎಂಟ ಇಂಚಿಂದು, ಹತ್ತ ಇಂಚಿಂದು, ಮೂರ ಕಟಗಿ ರಿಂಗ್ ತರ್ರಿ. ಒಳಗಿನ ರಿಂಗ ಮ್ಯಾಲ ಖಣ ಹಾಸಿ, ತೇರಿನ ಬುಟ್ಟಾನೋ ಆನಿ ಹೆಜ್ಜಿನೋ ನಟ್ಟನಡುವ ಬರೂವಂಗ ಕೂಡಿಸಿ, ಹೊರಗಿನ ರಿಂಗ್ ಒತ್ತಿ, ಸ್ಕ್ರೂ ಅರ್ಧ ತಿರುವಿ, ಅರಿವಿ ಸುತ್ತ ಸುತ್ತ ಜಗ್ಗಿ, ಹಲಗಿ ಬಾರಿಸಿದ್ರ ಹೆಂಗ ಟಣ್ ಅಂತೈತಿ ಹಂಗ ಬಿಗಿ ಆದ ಮ್ಯಾಲ ಪೂರ್ತಿ ತಿರುವ್ರಿ. ಖಣ ಕತ್ತರಿಸಿದ ಕಡೆ ಲಗೂನ ಎಳಿ ಬಿಡತೈತಿ, ಅದಕ್ಕ ಹಿಂದ ಒಂದ ಇಂಚು ಅರಿವಿ ಬಿಟ್ಟು ಕತ್ತರಿಸಿ ಒಳಗ ಮಡಚ್ರಿ, ಬೇಕಂದ್ರ ಅಲ್ಲಿ ಫ್ಯಾಬ್ರಿಕ್ ಗ್ಲೂ ಒಂದ ಗೆರಿ, ಒಂದ ದಿನ ಪೂರ್ತಿ ಒಣಗಲಿ. ಸೊಗಸು ಏನ ಅಂದ್ರ ಗುಳೇದಗುಡ್ಡದ ಖಣದ ಎರಡೂ ದಡಿ ಮಗ್ಗದಾಗೇ ಮುಗದ ಬಂದಿರತಾವ, ಅಲ್ಲಿ ಎಳಿ ಬಿಡೂದಿಲ್ಲ, ಮಡಚೂದೂ ಬ್ಯಾಡ ಹೊಲಿಯೂದೂ ಬ್ಯಾಡ. ಯಾವ ಅರಿವಿ ಇದ್ರೂ ಮೊದಲ ಅದರ ದಡಿ ಎಲ್ಲಿ ಐತಿ ಹುಡುಕ್ರಿ, ನೇಕಾರ ಆಗಲೇ ಮುಗಿಸಿ ಕೊಟ್ಟ ಕೆಲಸ ಅದು, ಅದನ್ನೇ ಹೊರಗ ಕಾಣೂವಂಗ ಇಡ್ರಿ. ದಡಿಯ ಪಟ್ಟಿ ಒಂದ ಇದ್ರ ರಿಂಗ್ ತೂಗಾಕ ಅದೇ ಹಗ್ಗ.

ಸೀರಿ ಮೈ ಹರದೈತಿ ಅಂದ್ರಲ್ಲ, ಅದನ್ನ ಇನ್ನೂ ಹರೀರಿ. ಖರೇನ ಹೇಳ್ತೀನಿ, ಕತ್ರಿಲೆ ಒಂದ ಇಂಚು ಬಾಯಿ ಮಾಡಿಕೊಟ್ಟು ಎರಡೂ ಕೈಲೆ ಜಗ್ಗಿದ್ರ ಹತ್ತಿ ತನ್ನ ಎಳಿ ಹಿಡದು ನೆಟ್ಟಗ ಹರಿತೈತಿ, ಕತ್ರಿಗಿಂತ ಚೊಕ್ಕ. ಎರಡ ಬೆರಳ ಅಗಲದ ಪಟ್ಟಿ, ಒಂದೂವರಿ ಗೇಣು ಉದ್ದ. ಒಂದ ಹಗ್ಗಕ್ಕ ಪಟ್ಟಿ ನಡು ಮಡಚಿ ಕುಣಿಕಿ ಮಾಡಿ ಅದರಾಗ ಎರಡೂ ತುದಿ ತೂರಿಸಿ ಜಗ್ಗಿದ್ರ ಗಂಟು, ದನಕ್ಕ ದಾವಣಿ ಹಾಕೂ ಗಂಟಿನಂಗ. ಹಸರು, ಕೆಂಪು, ನಡುವ ಒಂದ ಖಣದ ಪಟ್ಟಿ, ಮತ್ತ ಹಸರು. ಕಿಡಕಿ ಮ್ಯಾಲ ತೋರಣ ಆತು. ಹರದ ಅಂಚಿನ ಎಳಿ ಸ್ವಲ್ಪ ಉದುರತಾವ, ಕಟ್ಟಿದ ಮ್ಯಾಲ ಅಂಗಳಕ್ಕ ಒಯ್ದು ನಾಕ ಸಲ ಜಾಡಸ್ರಿ, ಕೈಲೆ ಸವರಿ ಸಡಲ ಎಳಿ ಕಿತ್ತ ಒಗೀರಿ. ಇದು ಬಾರೀಕ ಮಾತ ಅನಿಸಿದ್ರೂ ಬಿಡಬ್ಯಾಡ್ರಿ, ಉದ್ದ ಎಳಿ ಉದುರಿ ಕೂಸಿನ ಕಾಲಬೆರಳಿಗೆ ಸುತ್ತಿಕೊಂಡ್ರ ಅದು ಬಿಗದು ಬೆರಳ ಬಾಯ್ತೈತಿ, ಕೂಸು ಯಾಕ ಅಳತೈತಿ ಅನ್ನೂದು ಯಾರಿಗೂ ತಿಳಿಯೂದಿಲ್ಲ. ಅದಕ್ಕ ಹರದ ಪಟ್ಟಿದು ಕಿಡಕಿ ಕಡೆ ಇರಲಿ, ತೊಟ್ಟಲದ ನೆತ್ತಿ ಮ್ಯಾಲ ಬ್ಯಾಡ.

ತೊಟ್ಟಲದ ಮ್ಯಾಲಿಂದಕ್ಕ ಟೀ ಶರ್ಟೇ ಚಲೋ. ಹೊಸೇರಿ ಅರಿವಿ ಎಳಿ ಬಿಡೂದಿಲ್ಲ, ಪಟ್ಟಿ ಕತ್ತರಿಸಿ ಜಗ್ಗಿದ್ರ ತಾನೇ ಸುರುಳಿ ಆಗಿ ದುಂಡನ್ನ ದಾರ ಆಗತೈತಿ. ಬಿಳೀ ಒಂದು ಕಪ್ಪು ಒಂದು ಸಿಕ್ರ ಮೂರ ಎಳಿ ಹೆಣಲು ಹಾಕಿ ಬಳಿ ಬಳಿ ಮಾಡಿ, ಕೈಯಾಗ ಹಿಡಿಯೂವಷ್ಟು ದೊಡ್ಡ ಗಂಟ ಕಟ್ಟಿ ಬಡಗಿಗೆ ತೂಗ್ರಿ. ಕಲಘಟಗಿ ತೊಟ್ಟಲಾ ತಂದಿದ್ರ ಅದರ ಬಣ್ಣನೇ ಅಷ್ಟ ಇರತೈತಿ, ಮ್ಯಾಲ ಮತ್ತೊಂದು ಯಾಕ ಅನ್ಸತೈತಿ ನನಗ. ತೂಗಿದ್ರೂ ಕೂಸಿನ ನೆತ್ತಿ ಮ್ಯಾಲ ನೆಟ್ಟಗ ಬ್ಯಾಡ, ಎದಿ ಹೊಟ್ಟಿ ಕಡೆ ಇರಲಿ, ಕೈ ಚಾಚಿದ್ರೂ ಸಿಗಬಾರದು. ಇಳಿಬಿಟ್ಟ ದಾರ ಯಾವದೂ 7 ಇಂಚು ದಾಟಬಾರದು, ಗಿಡ್ಡ ದಾರ ಅಂದ್ರ ಕೊರಳಿಗೆ ಸುತ್ತಿಕೊಳ್ಳೂದಿಲ್ಲ. ಕಟ್ಟಿದ ಮ್ಯಾಲ ನೀವಾ ಅದನ್ನ ಹಿಡದು ಜೋರ ಜಗ್ರಿ, ಬರೂದಿದ್ರ ನಿಮ್ಮ ಕೈಯಾಗ ಬರಲಿ. ಐದ ತಿಂಗಳ ತುಂಬಿದ್ರ ಇಲ್ಲಾ ಕೂಸು ಕೈ ಊರಿ ಎದಿ ಎತ್ತಾಕ ಹತ್ತಿದ್ರ, ಯಾವದು ಮೊದಲ ಬರತೈತಿ ಆ ದಿನ ಅದನ್ನ ಬಿಚ್ಚಿಬಿಡ್ರಿ.

ತೊಟ್ಟಲದ ಒಳಗ ಸುತ್ತ ಕಟ್ಟೂ ಮೆತ್ತಂದು, ಬಂಪರ್ ಅಂತಾರ ಅದಕ್ಕ, ಅದು ಬ್ಯಾಡ್ರಿ. ಫೋಟೋದಾಗ ಭಾಳ ಚಂದ ಕಾಣತೈತಿ ಗೊತ್ತೈತಿ ನನಗ. ಕೂಸು ಹೊಳ್ಳಿ ಮೂಗು ಅದಕ್ಕ ಒತ್ತಿಕೊಂಡ್ರ ತಿರಗಿ ಹೊಳ್ಳೂ ಶಕ್ತಿ ಅದಕ್ಕ ಇನ್ನೂ ಬಂದಿರೂದಿಲ್ಲ, ಉಸರ ಕಟ್ಟತೈತಿ. ಅಮೇರಿಕಾದಾಗ 2022ರಾಗ ಕಾಯ್ದೆ ಮಾಡಿ ಇವುನ್ನ ಮಾರೂದನ್ನೇ ಬಂದ್ ಮಾಡ್ಯಾರ. ಮಲಗೂ ಜಾಗ ಗಟ್ಟಿ, ಸಪಾಟ, ಖಾಲಿ ಇರಬೇಕು, ದಿಂಬು ಬ್ಯಾಡ, ಗೊಂಬಿ ಬ್ಯಾಡ, ಅಂಗಾತ ಮಲಗಿಸ್ರಿ, ಮಕ್ಕಳ ಡಾಕ್ಟರೂ ಇದನ್ನೇ ಹೇಳತಾರ. ನಿಮ್ಮ ಆಸೆ ಕಡಿಮಿ ಮಾಡಾಕ ಹೇಳವಲ್ಲೆ, ಆ ಆಸೆನ್ನ ತೊಟ್ಟಲದಿಂದ ಗ್ವಾಡಿಗೆ ಸರಸ್ರಿ ಅಂತ ಹೇಳಾಕತ್ತೀನಿ.

ಕೌದಿ ಅಂಟ ಹಚ್ಚಿ ಆಗೂದಿಲ್ಲ. ಹಾಸೂದು, ಹೊದಿಯೂದು ದಿನಾ ತೊಯ್ತೈತಿ, ದಿನಾ ಒಗೀಬೇಕು, ಅಂಟು ಬಿರಕ ಬಿಟ್ಟು ಪದರ ಬಿಚ್ಚತಾವ, ಗಟ್ಟಿ ಆದಲ್ಲಿ ಕೂಸಿನ ಮೈ ಒತ್ತತೈತಿ. ಕೌದಿಗೆ ಸೂಜಿನೇ ಬೇಕು, ಓಣ್ಯಾಗ ಕೌದಿ ಹೊಲಿಯೂ ಅಜ್ಜಿ ಯಾರಾದ್ರೂ ಇದ್ದೇ ಇರತಾರ, ಸೀರಿ ಮೈಯಾಗ ಗಟ್ಟಿ ಉಳದದ್ದನ್ನ ಅವರ ಕೈಗೆ ಕೊಡ್ರಿ, ರೊಕ್ಕಾ ಕೊಟ್ಟ ಹೊಲಿಸ್ರಿ, ನೀವು ಬಾಜು ಕುಂತ ನೋಡ್ರಿ. ಆ ಕೌದಿ ಮಾತ್ರ ಕೂಸು ಎಚ್ಚರ ಇದ್ದಾಗ ನೆಲದ ಮ್ಯಾಲ ಹಾಸಾಕ ಇರಲಿ.

ಇನ್ನೊಂದು, ಲಂಗೋಟಿ, ಕುಲಾಯಿ, ಎಣ್ಣಿ ಬಾಟ್ಲಿ ಇಡಾಕ ಡಬ್ಬಿ ಬೇಕಾಗತೈತಿ. ರಟ್ಟಿನ ಡಬ್ಬಿ ಒಂದ ಚೌಕ ಅರಿವಿ ನಡುವ ಇಟ್ಟು ಹೊಲಕ್ಕ ಬುತ್ತಿ ಕಟ್ಟತೀವಲ್ಲ, ಹಂಗ ಎದುರಬದರ ಮೂಲಿ ಎತ್ತಿ ಡಬ್ಬಿ ಬಾಜು ಗಂಟ ಹಾಕ್ರಿ, ಮಿಕ್ಕ ಅರಿವಿ ಡಬ್ಬಿ ಒಳಗ ಮಡಚ್ರಿ. ರೊಟ್ಟಿ ಬುತ್ತಿ ಕಟ್ಟಿದ ಕೈಗೆ ಇದನ್ನ ಯಾರೂ ಕಲಸೂದ ಬ್ಯಾಡ. ಹೊಲಸಾದ್ರ ಬಿಚ್ಚಿ ಒಗದ ಹಾಕೂದು.

ತೊಟ್ಟಲಕ್ಕ ಹಾಕಿ ಹೆಸರ ಇಡೂ ದಿನಕ್ಕ ಅರಿವ್ಯಾಗ ಹೆಸರಿನ ಅಕ್ಷರ ಕತ್ತರಿಸಬೇಕ ಅಂತ ಮನಸಿದ್ರ ಇಸ್ತ್ರಿ ಟೇಪಿನಂಥದ್ದೇ, ಅರಿವಿ ಹಿಂದ ಇಸ್ತ್ರಿಲೆ ಹಿಡಿಸೂ, ಬೆನ್ನಿಗೆ ಕಾಗದ ಇರೂ ಹಾಳಿ ಸಿಗತೈತಿ, ಅದರ ಕಾಗದದ ಮ್ಯಾಲ ಅಕ್ಷರ ಉಲ್ಟಾ ಬರೀಬೇಕು, ಕನ್ನಡ್ಯಾಗ ಕಂಡಂಗ. ನೆಟ್ಟಗ ಬರದ್ರ ಅರಿವಿ ಮ್ಯಾಲ ಉಲ್ಟಾ ಬರತೈತಿ. ನಮ್ಮ ಅಕ್ಷರ ದುಂಡಗ, ಅದಕ್ಕ ಸಣ್ಣ ಚೂಪ ಕತ್ರಿ ಬೇಕು, ಅಕ್ಷರ ಗೇಣಿಗಿಂತ ಸಣ್ಣ ಮಾಡಬ್ಯಾಡ್ರಿ, ಒತ್ತು ದೀರ್ಘ ಕಳದಹೋಗತಾವ.

ಹಿರೇರು ಬಾಣಂತಿ ಖೋಲ್ಯಾಗ ಕೆಂಡದ ಶಗಡಿ ಇಡತಾರ, ಬೆಳ್ಳೊಳ್ಳಿ ಸಿಪ್ಪಿ, ಅಜವಾನ, ಲೋಬಾನದ ಹೊಗಿ ಹಾಕತಾರ, ಅದು ನಮ್ಮ ಕಡೆ ಪದ್ಧತಿ. ಕೂಸಿನ ಎದಿಗೆ ಹೊಗಿ ಚಲೋ ಅಲ್ಲ ಅಂತ ಡಾಕ್ಟರ್ ಹೇಳತಾರ, ಅವರ ಮಾತ ಮನ್ಯಾಗ ತಿಳಿಸಿ ಹೇಳ್ರಿ. ಹಂಗೂ ಕೆಂಡ ಆ ಖೋಲಿಗೆ ಬಂದ್ರ ಇಳಿಬಿಟ್ಟ ಸೆರಗು, ತೋರಣ ಯಾವದೂ ಅದರ ಮ್ಯಾಲ ಇರಬಾರದು, ದೇವರ ದೀಪದ ಹತ್ತಿರನೂ ಬ್ಯಾಡ. ಬಾಣಂತನ ಮುಗಿಯೂ ತನಕ ಸೆರಗು ಕೆಳಗಿನ ತುದಿ ಎದಿ ಎತ್ತರಕ್ಕ ಇರೂವಂಗ ಮ್ಯಾಲ ಕಟ್ಟ್ರಿ, ಹದಿನೈದ ದಿನಕ್ಕ ಒಮ್ಮೆ ಎಲ್ಲಾ ಇಳಿಸಿ ಜಾಡಿಸಿ ಬಿಸಲಿಗೆ ಹಾಕ್ರಿ.

ಕಡೀಗೆ ನಿಮ್ಮ ಬಗ್ಗೆ. ಎಂಟ ತಿಂಗಳದಾಗ ಸ್ಟೂಲ್ ಹತ್ತಬ್ಯಾಡ್ರಿ ಮತ್ತ, ನೀವು ಗ್ವಾಡಿಗೆ ಒರಗಿ ಕುಂತು, ಬೆನ್ನಿಗೊಂದು ದಿಂಬ ಇಟ್ಕೊಂಡು, ಪಟ್ಟಿ ಹರೀರಿ, ಗಂಟ ಹಾಕ್ರಿ. ಬಡಗಿ ಏರಿಸೂದು ನಿಮ್ಮನಿಯವರು ಬಂದಾಗ ಅವರಿಗೆ ಬಿಡ್ರಿ, ಇಲ್ಲಾ ಅಣ್ಣ ತಮ್ಮ ಇದ್ರ ಅವರಿಗೆ. ಸೆರಗು ಕತ್ತರಿಸೂ ದಿನ ಮಾತ್ರ ನಿಮ್ಮವ್ವನ್ನ ಎದುರಿಗೆ ಕುಂದರಿಸಿಕೊಳ್ರಿ, ಆ ಸೀರಿ ಉಟ್ಟಾಕಿ ಅವರ ತಾಯಿನೋ ಅತ್ತಿನೋ ಇರತಾರ, ಒಂದ ತುದಿ ಅವರು ಹಿಡೀಲಿ.